ಅಕ್ಕಿಯ ಮೇಲೆ ಯಾರೂ ಕೂರದ ಹಾಗೆ

ಏಪ್ರಿಲ್ ಬಂತೆಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಗಾಲಿಮನೆ, ಕ್ಯಾರವಾನನ್ನು ಚಳಿಗಾಲದ ಶೆಡ್ಡಿನಿಂದ ಮನೆ ಮುಂದಕ್ಕೆ ತರುತ್ತೇವೆ. ಕಿಟಕಿಗಳನ್ನೆಲ್ಲ ತೆರೆದು, ಒಂದು ಬಕೆಟ್ ಬಿಸಿನೀರು ಇಟ್ಟುಕೊಂಡು ನಾನು ಒಳಗೆ ಹೋಗುತ್ತೇನೆ. ಮೊದಲು ಒರೆಸುವುದು ನಡುವೆ ನೆಲಕ್ಕೆ ಬಿಗಿದಿರುವ ಮರದ ಪೆಟ್ಟಿಗೆಯನ್ನು. ಅದರ ಮುಚ್ಚಳ ಚಪ್ಪಟೆಯಾಗಿಲ್ಲ, ಹೆಂಚಿನ ಮನೆಯ ಮಾಡಿನ ಹಾಗೆ ಎರಡೂ ಕಡೆಗೆ ಇಳಿಜಾರಾಗಿದೆ. ನೋಡಿದವರೆಲ್ಲ ಯಾಕೆ ಹೀಗೆ ಎಂದು ಕೇಳುತ್ತಾರೆ.

ಈ ಸಲ ಮುಚ್ಚಳ ಎತ್ತಿದಾಗ ಆರು ತಿಂಗಳು ಒಳಗೇ ಉಳಿದಿದ್ದ ಇಂಗಿನ ವಾಸನೆ ಮೇಲೆದ್ದಿತು. ಅದರ ಜೊತೆಗೆ ಉಜ್ಜುಗೊರಡು ಹಾಕಿದ ಮರದ ವಾಸನೆ. ತಳದಲ್ಲಿ ಉದ್ದನೆ ಪೊರಕೆಯ ಮರದ ಹಿಡಿಯಿಂದ ಕತ್ತರಿಸಿದ, ಮೊಣಕಾಲುದ್ದಕ್ಕೂ ಕಮ್ಮಿಯಾದ ಒಂದು ಕೋಲು. ಅದರ ಮೇಲೆ ಪೆನ್ಸಿಲಿನಲ್ಲಿ ೬೦ ಎಂಬ ಸಂಖ್ಯೆ, ಕೆಳಗೆ ಎರಡು ಗೀಟು. ಗೀಟುಗಳು ಮಾಸಿವೆ... ಬರೆದವರು ಹೋಗಿ ಇದು ಎರಡನೆಯ ವಸಂತ.

ಅವರು ನಮ್ಮ ಪಕ್ಕದ ಮನೆಯವರು. ಡಚ್ಚರ ಈ ನಾಡಿನಲ್ಲಿ ಪಕ್ಕದ ಮನೆಯ ಗಂಡಸನ್ನು ಬ್ಯೂರ್‌ಮನ್ ಎಂದರೆ ಸಾಕು, ಹೆಸರು ಬೇಕಿಲ್ಲ. ಅವರೂ ನನ್ನನ್ನು, ಪಕ್ಕದ ಮನೆಯಾಕೆ ಎಂಬ ಅರ್ಥದ, ಬ್ಯೂರ್‌ವ್ರೌ ಎಂದೇ ಕರೆದರು. ಬಾಡ್‌ಹೂವೆಡಾರ್ಪ್‌ಗೆ ಬಂದು ಹನ್ನೊಂದು ವರ್ಷ ಅವರ ಬೇಲಿಗೆ ಅಂಟಿಕೊಂಡೇ ಬದುಕಿದೆವು. ಹತ್ತಿರದ ನಿಲ್ದಾಣಕ್ಕೆ ವಿಮಾನ ನಮ್ಮ ನೆತ್ತಿಯ ಮೇಲೆ ಇಳಿಯುತ್ತ ಬರುವಾಗ ಇಬ್ಬರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದೆವು. ಅವರ ಇಂಗ್ಲಿಷ್ ನಿಧಾನ, ನನ್ನ ಡಚ್ ಅದಕ್ಕಿಂತ ನಿಧಾನ. ಈ ಬರಹದಲ್ಲಿ ಅವರು ಆಡುವ ಮಾತುಗಳೆಲ್ಲ ನನ್ನ ಕನ್ನಡದಲ್ಲಿವೆ.

ನಮಗೆ ಕ್ಯಾರವಾನ್ ಬೇಕಾಗಿದ್ದು ಅತ್ತೆಗಾಗಿ. ಆ ವರ್ಷ ಅವರು ಮೈಸೂರಿನಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ಎಪ್ಪತ್ತೆರಡು ವರ್ಷ, ಮಂಡಿನೋವು, ಮತ್ತೊಮ್ಮೆ ಅಷ್ಟು ದೂರ ಬರುವುದಿಲ್ಲವೆಂದು ಹೇಳಿಯೇ ಬಂದವರು. ಅವರ ಆಸೆ ಒಂದೇ. ಹಿಮದ ಬೆಟ್ಟ ನೋಡಬೇಕು, ಹಿಮವನ್ನು ಕೈಯಲ್ಲಿ ಹಿಡಿಯಬೇಕು. ಆದರೆ ಅವರು ತಾವು ಮಾಡಿದ್ದನ್ನು ಬಿಟ್ಟು ಬೇರೆಯವರ ಪಾತ್ರೆಯಲ್ಲಿ ಬೆಂದದ್ದನ್ನು ಮುಟ್ಟುವವರಲ್ಲ. ಮೊಸರನ್ನದ ಡಬ್ಬಿ ಕಟ್ಟಿಕೊಂಡು ಒಂದು ದಿನದಲ್ಲಿ ಹೋಗಿ ಬರುವ ಊರುಗಳಿಗಷ್ಟೇ ಅವರ ಪ್ರವಾಸ ನಿಂತಿತ್ತು. ಅಡುಗೆಮನೆಯನ್ನೇ ಹಿಂದೆ ಎಳೆದುಕೊಂಡು ಹೋದರೆ ಹೇಗೆ ಎಂದು ಹೊಳೆದದ್ದು ನಮ್ಮವರಿಗೆ.

ಹೊಳೆದ ವಾರದಲ್ಲೇ ಅವರು ದೊಡ್ಡದೊಂದು ಕ್ಯಾರವಾನ್ ನೋಡಿ ಮಾತು ಕೊಟ್ಟು ಬಂದರು. ಶನಿವಾರ ತರುವುದೆಂದು ನಿಶ್ಚಯ. ಶುಕ್ರವಾರ ಸಂಜೆ ಸಂಭ್ರಮದಿಂದ ಬೇಲಿಯಾಚೆ ಫೋಟೋ ತೋರಿಸಿದರು. ಬ್ಯೂರ್‌ಮನ್ ಫೋಟೋ ನೋಡಲೇ ಇಲ್ಲ.

"ಕಾರಿನ ಕಾರ್ಡ್ ತೋರಿಸಿ."

"ಕ್ಯಾರವಾನ್ ನೋಡಿ ಅಂದ್ರೆ ಕಾರಿನ ಕಾರ್ಡ್ ಯಾಕೆ?" ಎಂದು ನಮ್ಮವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದರು. ಆದರೂ ನೋಂದಣಿ ಕಾರ್ಡ್ ತಂದುಕೊಟ್ಟರು. ಕನ್ನಡಕವನ್ನು ಹಣೆಗೇರಿಸಿ ಬ್ಯೂರ್‌ಮನ್ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡರು. ನಮ್ಮ ಕಾರು ಎಳೆಯಬಹುದಾದದ್ದು ಹೆಚ್ಚೆಂದರೆ ಸಾವಿರ ಕೆಜಿ.

"ಇದು ಒಂಬೈನೂರ ಎಂಬತ್ತು," ಎಂದು ನಮ್ಮವರು ಗೆದ್ದವರ ಹಾಗೆ ಹೇಳಿದರು.

"ಖಾಲಿ ಇದ್ದಾಗ," ಎಂದರು ಬ್ಯೂರ್‌ಮನ್. "ನೀವು ಖಾಲಿ ಹೋಗ್ತೀರಾ?"

ತುಂಬಿದರೆ ಅದು ಸಾವಿರದ ಮುನ್ನೂರರ ವರೆಗೂ ಹೋಗುವ ಗಾಡಿಯಾಗಿತ್ತು. ಇಂಜಿನ್ನಿಗೆ ಶಕ್ತಿಯಿದೆ, ಬೆಟ್ಟ ಹತ್ತುತ್ತದೆ ಎಂದು ನಮ್ಮವರು ವಾದಿಸಿದರು. "ಹತ್ತುತ್ತೆ. ಇಳಿಯುವಾಗ ಅದು ನಿಮ್ಮನ್ನ ತಳ್ಳುತ್ತೆ. ಆಗ ನಿಲ್ಲಿಸೋರು ಯಾರು?" ಎಂದು ಕಾರ್ಡನ್ನು ಹಿಂದಕ್ಕೆ ಕೊಟ್ಟು ಅವರು ತಮ್ಮ ಟೊಮೆಟೊ ಗಿಡಗಳ ಹತ್ತಿರ ಹೋದರು.

ಆ ಸಂಜೆ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. "ಇವರಿಗೆ ಯಾಕೆ ಬೇಕು ಊರ ಉಸಾಬರಿ? ಅಮ್ಮನ ವೀಸಾ ಇನ್ನು ಐದು ವಾರ ಇರೋದು ಕಣೇ," ಎಂದರು ನಮ್ಮವರು. ಅತ್ತೆ ತಟ್ಟೆಯಿಂದ ತಲೆಯೆತ್ತದೆ, "ಆ ರಾಯರಿಗೆ ನಮ್ಮಿಂದ ಏನು ಲಾಭ ಹೇಳು? ಲಾಭ ಇಲ್ಲದೋರು ಬೇಡ ಅಂದ್ರೆ ಒಂದ್ಸಲ ಕೇಳ್ಬೇಕಪ್ಪ," ಎಂದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅವರು ಪಕ್ಕದ ಮನೆ ರಾಯರಾದರು. ಬೆಳಿಗ್ಗೆ ನಮ್ಮವರು ಫೋನ್ ಮಾಡಿ ಆ ಕ್ಯಾರವಾನ್ ಬೇಡವೆಂದರು.

ಮುಂದಿನ ಎರಡು ಶನಿವಾರ ಬ್ಯೂರ್‌ಮನ್ ನಮ್ಮ ಜೊತೆ ಹಳ್ಳಿಹಳ್ಳಿ ಸುತ್ತಿದರು. ಪ್ರತಿ ಗಾಡಿಯ ಕೆಳಗೂ ಆ ವಯಸ್ಸಿನಲ್ಲಿ ಮಲಗಿ ನೋಡುತ್ತಿದ್ದರು, ಗೋಡೆಯ ಮೂಲೆಗಳನ್ನು ಹೆಬ್ಬೆರಳಿಂದ ಒತ್ತಿ ತೇವ ಹುಡುಕುತ್ತಿದ್ದರು. ಕೊನೆಗೆ ಸಿಕ್ಕಿದ್ದು ಹಳೆಯ ಪುಟ್ಟ ಕ್ಯಾರವಾನ್. ತುಂಬಿದರೂ ಒಂಬೈನೂರು ದಾಟದ್ದು. ನಮ್ಮ ಮಗಳು ಕನಸು ಕಂಡಿದ್ದ, ರೈಲಿನ ಬರ್ತಿನಂಥ ಮೇಲುಹಾಸಿಗೆ ಅದರಲ್ಲಿರಲಿಲ್ಲ. ಹಿಂಭಾಗದಲ್ಲಿ ಚೊಕ್ಕ ಅಡುಗೆಮನೆ, ನಡುವೆ ಎದುರುಬದುರು ಕೂರುವ ಬೆಂಚುಗಳು, ಮುಂದೆ ಹಾಸಿಗೆ.

ಅತ್ತೆ ಎರಡು ದಿನ ಕೂತು ಅದರಲ್ಲಿ ಅಡುಗೆಮನೆ ಹೂಡಿದರು. ಅಕ್ಕಿ, ತೊಗರಿಬೇಳೆ, ಎಣ್ಣೆಯ ಕ್ಯಾನು, ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ, ಕುಕ್ಕರು, ಕಲ್ಲಿನ ಕುಟ್ಟಾಣಿ, ದಾರಿಯ ನೀರಿನ ಮೇಲೆ ನಂಬಿಕೆಯಿಲ್ಲವೆಂದು ಎರಡು ಕ್ಯಾನ್ ನೀರು. ಎಲ್ಲವೂ ಹಿಂದಿನ ಕಪಾಟಿಗೆ. ಅಡುಗೆ ಸಾಮಾನು ಅಡುಗೆಮನೆಯಲ್ಲದೆ ಮತ್ತೆಲ್ಲಿ ಇರಬೇಕು?

ಹೊರಡುವ ಹಿಂದಿನ ದಿನ ಬ್ಯೂರ್‌ಮನ್ ಬಾತ್‌ರೂಮಿನ ತೂಕದ ಮಷಿನ್ನನ್ನೂ ಆ ಕೋಲನ್ನೂ ಹಿಡಿದುಕೊಂಡು ಬಂದರು. ಮಷಿನ್ನಿನ ಮೇಲೆ ಕೋಲು ನಿಲ್ಲಿಸಿ, ಅದರ ಮೇಲೆ ಕಾರಿಗೆ ಸಿಕ್ಕಿಸುವ ಕ್ಯಾರವಾನಿನ ಮೂತಿಯನ್ನು ಇಳಿಸಿದರು. ಆ ಮೂತಿ ಕಾರಿನ ಕೊಂಡಿಯ ಮೇಲೆ ಎಷ್ಟು ಭಾರ ಹಾಕುತ್ತದೆಂದು ತಿಳಿಯುವುದು ಹಾಗೆ. ನಮ್ಮ ಕಾರು ತಡೆಯುವುದು ಅರವತ್ತು ಕೆಜಿ, ಅದನ್ನೇ ಕೋಲಿನ ಮೇಲೆ ಬರೆದು ಎರಡು ಗೀಟು ಎಳೆದಿದ್ದರು. ಅದಕ್ಕಿಂತ ಸ್ವಲ್ಪವೇ ಕಮ್ಮಿ ಇರಬೇಕಂತೆ. ಮಷಿನ್ನಿನ ಮುಳ್ಳು ಇಪ್ಪತ್ತೆರಡರಲ್ಲಿ ನಿಂತಿತು.

"ಕಮ್ಮಿ ಇದ್ರೆ ಒಳ್ಳೇದಲ್ವಾ?" ಎಂದೆ ನಾನು.

ಅವರು ತಲೆಯಾಡಿಸಿ, ನಮ್ಮ ಪೊರಕೆಯನ್ನು ಅಡ್ಡಲಾಗಿ ಬೆರಳ ಮೇಲೆ ನಿಲ್ಲಿಸಿ, ಅದರ ಹಿಂತುದಿಯನ್ನು ಒಂದಿಷ್ಟು ಒತ್ತಿದರು. ಮುಂತುದಿ ಚಿಮ್ಮಿತು. ಹಿಂದೆ ಭಾರವಾದರೆ ಕ್ಯಾರವಾನ್ ನಾಯಿಯ ಬಾಲದ ಹಾಗೆ ಅಲ್ಲಾಡುತ್ತದೆ, ಆಮೇಲೆ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ ಎಂದರು. ಭಾರವೆಲ್ಲ ನಡುವೆ, ಗಾಲಿಯ ಅಚ್ಚಿನ ಮೇಲೆ ಬರಬೇಕು. ಅಲ್ಲಿರುವುದು ಬೆಂಚು. ಬೆಂಚಿನ ಹಲಗೆ ಎತ್ತಿ, ಅಕ್ಕಿ ಇದರೊಳಗೆ ಎಂದು ಕೈ ತೋರಿಸಿದರು.

ಅತ್ತೆ ಅಕ್ಕಿಮೂಟೆಯ ಮುಂದೆ ಅಡ್ಡ ನಿಂತುಬಿಟ್ಟರು. "ಅಕ್ಕಿ ಮೇಲೆ ಕೂತ್ಕೊಳ್ಳೋದಾ? ಅನ್ನದ ಮೇಲೆ ಅಂಡೂರಿ ಕೂತ್ಕೊಂಡು ಹಿಮ ನೋಡ್ಲಾ ನಾನು? ಬೇಡವೇ ಬೇಡ. ನಾನು ಮನೇಲೇ ಇರ್ತೀನಿ, ನೀವು ಹೋಗ್ಬನ್ನಿ."

"ಅಮ್ಮ, ಹಲಗೆ ಇರುತ್ತಲ್ಲಮ್ಮ ಮಧ್ಯೆ..."

"ಹಲಗೆ ಇದ್ರೆ ಅಕ್ಕಿ ಬೇಳೆಯಾಗ್ಬಿಡುತ್ತೇನೋ?"

ನಮ್ಮವರು ನನ್ನ ಮುಖ ನೋಡಿದರು, ನಾನು ರಸ್ತೆ ನೋಡಿದೆ. ಈ ಡಚ್ ಮನುಷ್ಯ ಈಗ ನಗುತ್ತಾರೆ, ಇಲ್ಲವೇ ಹೆಗಲು ಕುಣಿಸಿ ನಿಮ್ಮಿಷ್ಟ ಎಂದು ಹೊರಟುಬಿಡುತ್ತಾರೆ ಅಂದುಕೊಂಡೆ. ಅವರು ಏನೆಂದು ಕೇಳಿದರು. ಧಾನ್ಯವನ್ನು ನಾವು ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ ಎಂದು ತಡವರಿಸುತ್ತ ಹೇಳಿದೆ. ತಲೆಯ ಮೇಲೆ ವಿಮಾನವೊಂದು ದಾಟಿತು. ಆಮೇಲೆ ಅವರು ಟೇಪು ತೆಗೆದು ಎರಡು ಬೆಂಚುಗಳ ನಡುವಿನ ನೆಲ ಅಳೆದು, ತಮ್ಮ ಶೆಡ್ಡಿಗೆ ಹೋದರು. ಮಧ್ಯಾಹ್ನವೆಲ್ಲ ಗರಗಸದ ಸದ್ದು.

ಸಂಜೆ ತಂದದ್ದು ಈ ಪೆಟ್ಟಿಗೆ. ನೆಲಕ್ಕೆ ತಿರುಪು ಹಾಕಿ ಬಿಗಿದು, ಇಳಿಜಾರು ಮುಚ್ಚಳ ಮುಚ್ಚಿ, ಅದರ ಮೇಲೆ ಕೂರಲು ಹೋಗಿ ಜಾರಿ ತೋರಿಸಿದರು. "ನೋಡಿ, ಯಾರಿಗೂ ಕೂರೋಕಾಗಲ್ಲ." ಬಾಗಿಲಲ್ಲಿ ಅವರ ಮರದ ಚಪ್ಪಲಿಗಳು ಜೋಡಿಯಾಗಿ ಇದ್ದವು. ಒಳಗೆ ಬರಿಗಾಲಲ್ಲಿದ್ದರು. ಚಪ್ಪಲಿ ಬಿಡಿ ಎಂದು ಯಾರೂ ಹೇಳಿರಲಿಲ್ಲ... ಅತ್ತೆ ಅದನ್ನೇ ನೋಡುತ್ತಿದ್ದರು.

ಮತ್ತೆ ಒಂದೊಂದೇ ಸಾಮಾನು ತೂಗಿ ಪೆಟ್ಟಿಗೆಗೆ ಹೋಯಿತು. ಅತ್ತೆ ಅಕ್ಕಿಮೂಟೆಯನ್ನು ಒಂಚೂರು ಎತ್ತಿ ನೋಡಿ, "ಹದಿನಾಲ್ಕು," ಎಂದರು. ಮಷಿನ್ ಹದಿನಾಲ್ಕು ತೋರಿಸಿತು. ಕುಟ್ಟಾಣಿ, "ಆರೂವರೆ." ಅದೂ ಸರಿ. ಬ್ಯೂರ್‌ಮನ್ ಕಣ್ಣರಳಿಸಿ, ಮಷಿನ್ನನ್ನು ಪಕ್ಕಕ್ಕೆ ತಳ್ಳುವ ಹಾಗೆ ಕೈ ಮಾಡಿ ನಕ್ಕರು. ಆದರೆ ತಳ್ಳಲಿಲ್ಲ. ಪ್ರತಿಯೊಂದನ್ನೂ ತೂಗಿಯೇ ತೂಗಿದರು. "ರಾಯರಿಗೆ ನನ್ನ ಕೈತೂಕದ ಮೇಲೆ ನಂಬಿಕೆ ಇಲ್ಲ ಕಣಮ್ಮ," ಎಂದು ಅತ್ತೆ ಸುಳ್ಳು ಸಿಟ್ಟು ತೋರಿಸಿದರು. ಕೊನೆಗೆ ಮುಳ್ಳು ಐವತ್ತಾರರಲ್ಲಿ ನಿಂತಿತು.

ಪ್ರಯಾಣದ ಎರಡನೆಯ ದಿನ ಜರ್ಮನಿಯ ಹೆದ್ದಾರಿಯಲ್ಲಿ ಉದ್ದದ ಇಳಿಜಾರು. ಭಾರಿ ಲಾರಿಯೊಂದು ಪಕ್ಕದಲ್ಲೇ ನುಗ್ಗಿತು. ಹಿಂದೆ ಕ್ಯಾರವಾನ್ ಒಮ್ಮೆ ನಡುಗಿತು... ಅಷ್ಟೇ. ಅದು ನೆಟ್ಟಗಾಗಿ ಹಿಂದೆಯೇ ಬಂತು. ಮುಂದಿನ ತಂಗುದಾಣದಲ್ಲಿ ನಮ್ಮವರು ಕಾರು ನಿಲ್ಲಿಸಿ, ಬೇಲಿಯ ಪಕ್ಕ ಒಬ್ಬರೇ ನಿಂತು ಫೋನ್ ಮಾಡಿದರು. ಅದೇ ದೊಡ್ಡ ಗಾಡಿಯನ್ನು ತಂದಿದ್ದರೆ ಏನಾಗುತ್ತಿತ್ತೆಂದು ಪಕ್ಕದ ಮನೆ ರಾಯರಿಗೆ ಹೇಳಲು ಹೊರಟರಂತೆ. ಆ ಕಡೆಯಿಂದ ಬಂದ ಪ್ರಶ್ನೆ ಒಂದೇ: "ಅಕ್ಕಿ ಅದರ ಜಾಗದಲ್ಲಿದೆಯಾ?"

ಮಾರನೆಯ ದಿನ ಬೆಟ್ಟದ ನೆತ್ತಿಯಲ್ಲಿ ಅತ್ತೆ ಹಿಮವನ್ನು ಮುಷ್ಟಿಯಲ್ಲಿ ಹಿಡಿದರು. ಕೈ ಮರಗಟ್ಟಿದರೂ ಬಿಡಲಿಲ್ಲ. "ಇದಕ್ಕೆ ತೂಕವೇ ಇಲ್ಲವಲ್ಲೇ," ಎಂದರು.

ತಿರುಗಿ ಬಂದ ಮೇಲೆ ಅತ್ತೆ ಬ್ಯೂರ್‌ಮನ್ನರಿಗೆ ಚಟ್ನಿಪುಡಿ ಮಾಡಿಕೊಟ್ಟರು. ಅವರು ಅದನ್ನು ಚೀಸ್ ಇಟ್ಟ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುವುದನ್ನು ನೋಡಿ, ಸಂಕಟಪಟ್ಟು, ಇನ್ನೊಂದು ಡಬ್ಬಿ ಮಾಡಿಕೊಟ್ಟರು. ನಮ್ಮಿಂದ ಸುದ್ದಿ ಹಬ್ಬಿ, ಆಮೇಲಿನ ವರ್ಷಗಳಲ್ಲಿ ಹೊಸದಾಗಿ ಬಂದ ಎಷ್ಟೋ ಸಂಸಾರಗಳು ಅವರ ಬಾಗಿಲು ತಟ್ಟಿದವು. ಅವರು ಎಲ್ಲರಿಗೂ ಮೊದಲು ಕಾರಿನ ಕಾರ್ಡ್ ಕೇಳಿದರು, ಎಲ್ಲರ ಜೊತೆಗೂ ಗಾಡಿಗಳ ಕೆಳಗೆ ಮಲಗಿದರು.

ಅವರ ಅಂಗಳದಲ್ಲಿ ಮಾತ್ರ ಕ್ಯಾರವಾನ್ ಇರಲಿಲ್ಲ. ನನಗದು ಹೊಳೆಯಲು ವರ್ಷಗಳೇ ಬೇಕಾದವು. ಒಮ್ಮೆ ಕಾಫಿ ಕುಡಿಯುತ್ತ ಕೇಳಿದೆ.

"ಇತ್ತು," ಎಂದರು. "ಒಂದು ಸಲ ಅವಸರ ಇತ್ತು. ತೂಕ ನೋಡದೆ ಹೊರಟೆ. ಹೆಂಡತಿ ನೋಡು ಅಂದಿದ್ದಳು."

ಕಪ್ಪನ್ನು ತಟ್ಟೆಯ ಮೇಲೆ ಸದ್ದಾಗದ ಹಾಗೆ ಇಟ್ಟರು. ಅವರ ಹೆಂಡತಿಯನ್ನು ನಾವು ನೋಡಿರಲಿಲ್ಲ, ನಾವು ಬರುವಷ್ಟರಲ್ಲಿ ಆ ಮನೆಯಲ್ಲಿ ಅವರೊಬ್ಬರೇ... ನಾನು ಅವರ ಕಪ್ಪಿಗೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದೆ.

ಅವರು ಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅತ್ತೆ, "ಆ ಪೆಟ್ಟಿಗೆ ಜೋಪಾನ ಕಣಮ್ಮ," ಎಂದರು.

ಕಳೆದ ಶನಿವಾರ ನಾನು ಪೆಟ್ಟಿಗೆ ಒರೆಸುತ್ತಿದ್ದಾಗ ಹಿಂದಿನ ಬೀದಿಗೆ ಹೊಸದಾಗಿ ಬಂದಿರುವ ಹುಬ್ಬಳ್ಳಿಯ ಗಂಡಹೆಂಡತಿ ಕಾರಿನಲ್ಲೇ ಬಂದರು. ಫೋನಿನಲ್ಲಿ ಕ್ಯಾರವಾನಿನ ಫೋಟೋ. "ಅಕ್ಕಾರ, ನಮ್ಮ ಗಾಡಿ ಇದನ್ನ ಎಳೀತೈತೇನ್ರಿ?"

"ಕಾರಿನ ಕಾರ್ಡ್ ತೋರಿಸಿ," ಎಂದೆ.

"ಎಳೀತೈತ್ರಿ, ತೂಕ ಭಾಳ ಕಮ್ಮಿ ಐತಿ. ಇಲ್ಲೇ ಬರದಾರ ನೋಡ್ರಿ," ಎಂದ ಹುಡುಗ.

"ಅದು ಖಾಲಿ ಇದ್ದಾಗ. ನೀವು ಖಾಲಿ ಹೋಗ್ತೀರಾ?"

ಹೆಂಡತಿ ಗಂಡನನ್ನು ತಿವಿದು ನಕ್ಕಳು. "ರೊಟ್ಟಿ ಡಬ್ಬಿ, ಶೇಂಗಾ ಚಟ್ನಿ ಬಿಟ್ಟು ಇವರು ಬಾಗಲಾ ಸೈತ ದಾಟಂಗಿಲ್ರಿ!"

ಫೋಟೋದಲ್ಲಿದ್ದ ಆ ಗಾಡಿ ಅವರ ಕಾರಿಗೆ ಸರಿಹೋಗುತ್ತಿರಲಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಸಣ್ಣದೊಂದನ್ನು ಹುಡುಕೋಣ, ನಾವೂ ಬರುತ್ತೇವೆ ಎಂದೆ. ಅವರ ಕಾರಿನ ಕೊಂಡಿಗೆ ಬ್ಯೂರ್‌ಮನ್ನರ ಕೋಲು ಹಿಡಿದು ನೋಡಿದೆ. ಮಷಿನ್ನಿನ ಮೇಲೆ ನಿಲ್ಲಿಸಿದಾಗ ಕೋಲು ಕೊಂಡಿಯ ಎತ್ತರಕ್ಕೇ ಬರಬೇಕು, ಇದು ಎರಡು ಬೆರಳು ಉದ್ದವಾಯಿತು. ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ನಮ್ಮ ಮನೆಯ ಪೊರಕೆಯ ಹಿಡಿ ತಂದು, ಗುರುತು ಮಾಡಿ, ನಾನೇ ಗರಗಸ ಹಿಡಿದು ಕತ್ತರಿಸಿದೆ. ಕಾರ್ಡಿನಲ್ಲಿದ್ದಂತೆ ೭೫ ಎಂದು ಬರೆದು ಕೆಳಗೆ ಎರಡು ಗೀಟು ಎಳೆದೆ.

ಸರಿಯಾಯಿತೇ ಎಂದು ಕೇಳಲು ಕೋಲನ್ನು ಎತ್ತಿ ಹಿಡಿದು, ಅಭ್ಯಾಸಬಲದಿಂದ ಬೇಲಿಯಾಚೆ ತಿರುಗಿದೆ. ಟೊಮೆಟೊ ಗಿಡಗಳಿದ್ದ ಜಾಗದಲ್ಲಿ ಆ ಮನೆಗೆ ಬಂದ ಹೊಸಬರ ಮಕ್ಕಳು ಕುಣಿಯುವ ಟ್ರಾಂಪೊಲಿನ್. ವಿಮಾನವೊಂದು ತಗ್ಗಿನಲ್ಲಿ ಬಂತು. ಅದು ದಾಟುವವರೆಗೂ ಹಾಗೆಯೇ ಕೋಲು ಹಿಡಿದು ನಿಂತಿದ್ದೆ...