ಅತ್ತೆಯ ಹೆಸರು

ಋಷಿಮೂಲ, ನದಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ದೊರೆಮೂಲದ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಎಷ್ಟೋ ಶುಕ್ರವಾರಗಳು ಉಳಿಯುತ್ತಿದ್ದವು.

ಒಮಾನಿನ ಸಹಮ್‌ನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನಿಸ್ಟ್. ಬೆಳಿಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು. ನಡುವೆ ಮನೆಗೆ ಬಂದು ಗಂಜಿ ಉಂಡು ಕಾಲು ಚಾಚುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತಾಗಿರುತ್ತದೆ. ಗಂಡ ಖಸಬ್ ಬಂದರಿನಲ್ಲಿ ಕೆಲಸಕ್ಕಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಇಲ್ಲಿ ನನ್ನ ಜೊತೆಗಿದ್ದಾಳೆ. ಮಗಳು ಲಂಡನ್ನಿನಲ್ಲಿ ನರ್ಸ್. ಅವಳಿಗೆ ನನ್ನ ಅತ್ತೆಯ ಹೆಸರು. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮೊದಲ ಮಗುವಿನ ಹೆಸರು ಗಂಡನ ಮನೆಯವರದು. ಗಂಡಾದರೆ ಮಾವನದು, ಹೆಣ್ಣಾದರೆ ಅತ್ತೆಯದು. ನನಗೆ ಆ ಹೆಸರು ಇಷ್ಟವೇ ಎಂದು ಯಾರೂ ಕೇಳಲಿಲ್ಲ. ಅಭ್ಯಾಸವಾಯಿತು.

ಅಮ್ಮನಿಗೆ ಬೆಕ್ಕಿನ ಕಣ್ಣು. ಅದು ಅವಳನ್ನು ಸಾಕಿದ ಅಜ್ಜಿಯಿಂದ ಬಂದದ್ದು. ಆ ಅಜ್ಜಿ ಘಟ್ಟದ ಮೇಲಿನ ಒಂದು ಕಾಫಿ ತೋಟದಲ್ಲಿ ಸ್ಕಾಟ್ಲೆಂಡಿನ ದೊರೆಯೊಬ್ಬನಿಗೆ, ಅವನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ನಮ್ಮವಳಲ್ಲಿ ಹುಟ್ಟಿದ ಮಗು. ಮದುವೆ ಆಗಿರಲಿಲ್ಲ. ಅವಳು ಹುಟ್ಟುವ ಮೊದಲೇ ದೊರೆ ಹಡಗು ಹತ್ತಿದ್ದ. ಊರಿನವರು ಏನೆಲ್ಲ ಆಡಿಕೊಂಡರೂ ಅಜ್ಜಿಯ ಉತ್ತರ ಒಂದೇ ಆಗಿತ್ತಂತೆ: "ಅಪ್ಪನಿಗೆ ನಾನು ಹುಟ್ಟುವುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಟ್ಟು ಹೋಗ್ತಿರಲಿಲ್ಲ." ಆ ಒಂದು ಮಾತಿನ ಮೇಲೆ ಅವಳು ಇಡೀ ಬಾಳು ತಲೆ ಎತ್ತಿ ನಡೆದಳು.

ಅಮ್ಮ ಅದನ್ನೇ ನಂಬಿ ಬೆಳೆದಳು. ಪ್ರತಿ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ನಮ್ಮಲ್ಲಿ ಸತ್ತವರನ್ನು ಒಬ್ಬೊಬ್ಬರಾಗಿ ನೆನೆಯುತ್ತಾರೆ. ಕೊನೆಯಲ್ಲಿ ಅಮ್ಮ "ಏನೂ ತಿಳಿಯದೆ ಹೋದ ನಮ್ಮ ಹಿರಿಯನಿಗಾಗಿ" ಎಂದು ಒಂದು ಪರಲೋಕ ಮಂತ್ರ ಸೇರಿಸುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ: ಅವನ ಪೂರ್ತಿ ಹೆಸರು ಸಿಗಬೇಕು, ಆ ಹೆಸರಿನಲ್ಲಿ ಇಗರ್ಜಿಯಲ್ಲಿ ಒಂದು ಪೂಜೆ ಇಡಿಸಬೇಕು. "ಹೆಸರಿಲ್ಲದವನಿಗೆ ಪೂಜೆ ಹೇಗೆ ಇಡಿಸುದು ಬಾಯೆ?" ಎಂದು ನನ್ನ ಪ್ರಾಣ ತಿನ್ನುತ್ತಿದ್ದಳು.

ಹಾಗಾಗಿ ಕಳೆದ ಬಾರಿ ಊರಿಗೆ ಹೋದಾಗ, ನಾದಿನಿಯ ಮಗನ ಮದುವೆಯ ಓಡಾಟದ ನಡುವೆ, ಘಟ್ಟ ಹತ್ತಿ ಆ ತೋಟದ ಹತ್ತಿರದ ಇಗರ್ಜಿಗೆ ಹೋದೆ. ಪಾದ್ರಿಗಳು ಹಳೆಯ ಜ್ಞಾನಸ್ನಾನದ ಪುಸ್ತಕ ತೆಗೆದು ಕೊಟ್ಟರು. ಮಗುವಿನ ತಂದೆ ಎಂಬಲ್ಲಿ ಒಂದು ಗೀಟು. ಮಗುವಿನ ಹೆಸರಿನ ಮುಂದೆ ಮರಿಯ ಎಂದು ಸೇರಿಸಿದ್ದರು, ಏಕೆಂದರೆ ಅಜ್ಜಿಯ ಹೆಸರು ನಮ್ಮ ಸಂತರ ಪೈಕಿ ಯಾರದೂ ಅಲ್ಲ, ನಮ್ಮ ಕಡೆ ಇನ್ನಾರಿಗೂ ಇಲ್ಲ. ಯಾವುದೋ ದೊರೆಸಾನಿ ಜ್ಞಾನಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತು ಮಗುವಿಗೆ ತನ್ನ ಹೆಸರು ಕೊಟ್ಟಿರಬೇಕು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆವು. ಪುಸ್ತಕದಲ್ಲಿ ನೋಡಿದರೆ ಜ್ಞಾನತಾಯಿ ನಮ್ಮದೇ ಕೂಲಿ ಹೆಂಗಸು, ಹೆಸರೂ ಬೇರೆ. ಅಲ್ಲಿಯೇ ನಾನು ಯೋಚಿಸಬೇಕಿತ್ತು. ಆದರೆ ತಂದೆಯೇ ಇಲ್ಲದ ಮಗುವಿಗೆ ತಂದೆಯ ಕಡೆಯ ಹೆಸರು ಇರಬಹುದೆಂದು ನಮ್ಮವರಿಗೆ ಯಾರಿಗೆ ಹೊಳೆಯುತ್ತದೆ? ಘಟ್ಟ ಇಳಿಯುವ ಬಸ್ಸಿನಲ್ಲಿ ನಿದ್ದೆ ಹೋದೆ.

ಮಗಳು ರಜೆಗೆ ಬರುವಾಗ ಡಿಎನ್‌ಎ ಕಿಟ್ ತಂದಳು. ಅಮ್ಮನ ಸಕ್ಕರೆ ಕಾಯಿಲೆಯ ಒಣಬಾಯಿಯಿಂದ ಕೊಳವೆಗೆ ಉಗುಳು ತುಂಬಿಸುವುದೆಂದರೆ ಬೇಸಿಗೆಯಲ್ಲಿ ಬಾವಿ ತೋಡಿದ ಹಾಗೆ. "ಇಷ್ಟು ವರ್ಷ ಅವನಿಗೆ ಪ್ರಾರ್ಥನೆ ಮಾಡಿದೆ, ಈಗ ಉಗಿಯಲಿಕ್ಕೆ ಹೇಳ್ತೀರಿ," ಎಂದು ಅಮ್ಮ ಗೊಣಗಿದಳು.

ಫಲಿತಾಂಶದಲ್ಲಿ ದೂರದ ಸಂಬಂಧಿಗಳ ಉದ್ದದ ಸಾಲೇ ಬಂತು. ಅವರಿಗೆಲ್ಲ ಬರೆದೆ. ಹೆಚ್ಚಿನವರು ಉತ್ತರಿಸಲಿಲ್ಲ, ಪರವಾಗಿಲ್ಲ, ಕಪ್ಪು ನೆಂಟರು ಎಲ್ಲರಿಗೂ ಬೇಕಾಗುವುದಿಲ್ಲ. ಸ್ಕಾಟ್ಲೆಂಡಿನ ಒಬ್ಬ ನಿವೃತ್ತ ಟೀಚರ್ ಮಾತ್ರ ಬರೆದರು. ನಮ್ಮ ದೊರೆಯ ತಮ್ಮನ ಮರಿಮಗಳು ಅವರು. ಆ ತೋಟಕ್ಕೆ ಊರವರು ಈಗಲೂ ಕರೆಯುವುದು ದೊರೆಯ ಅಡ್ಡಹೆಸರಿನಿಂದ. ಅದೇ ಅಡ್ಡಹೆಸರು ಟೀಚರ ತವರಿನದು. ಒಬ್ಬ ಹಿರಿಯ ಇಂಡಿಯಾದಲ್ಲಿ ಕಾಫಿ ಬೆಳೆಸಿ, ಮರಳಿ ಬಂದು, ಮದುವೆಯಾಗಿ, ಮುದುಕನಾಗಿ ಸತ್ತನೆಂದು ಅವರ ಮನೆಯಲ್ಲೂ ಹೇಳುತ್ತಿದ್ದರಂತೆ. ಅವರು ಅವನ ಹಳ್ಳಿಯ ಚರ್ಚಿನ ದಾಖಲೆ, ಅವನು ಬಾಲಕನಾಗಿದ್ದಾಗಿನ ಜನಗಣತಿಯ ಹಾಳೆ ಎರಡನ್ನೂ ಕಳಿಸಿದರು.

ಅದು ಬಂದದ್ದು ಶುಕ್ರವಾರ. ಸೊಹಾರ್‌ನ ಇಗರ್ಜಿಗೆ ಹೋಗಿ ಪೂಜೆ ಮುಗಿಸಿ ಬಂದು, ಅಮ್ಮ ಅಡುಗೆಮನೆಯಲ್ಲಿ ಸಿಗಡಿ ಸುಲಿಯುತ್ತಿದ್ದಳು. ನಾನು ಫೋನು ಹಿಡಿದು ಗಟ್ಟಿಯಾಗಿ ಓದಿದೆ. ದೊರೆ ಅಂದವನ ಮನೆ ಎರಡೇ ಕೋಣೆಯದು, ತಂದೆ ಕೂಲಿಯಾಳು. ಅಮ್ಮನಿಗೆ ನಗು ಬಂತು. ಅವನ ಪೂರ್ತಿ ಹೆಸರು ಓದಿದೆ. ಅಮ್ಮ ಕೈ ಒರೆಸಿ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಅವನ ತಾಯಿಯ ಹೆಸರು ಓದಿದೆ. ಅದು ಅಜ್ಜಿಯ ಹೆಸರು.

ನನಗೆ ಖುಷಿಯೇ ಆಯಿತು. ಬೆಟ್ಟ ಅಗೆದು ಇಲಿಯಾದರೂ ಸಿಕ್ಕಿತಲ್ಲ ಎಂದುಕೊಂಡೆ. ಅಮ್ಮನ ಮುಖ ನೋಡಿದ ಮೇಲೆ ಅರ್ಥವಾಯಿತು.

"ಮಗುವಿಗೆ ಅತ್ತೆಯ ಹೆಸರು ಇಟ್ಟಿದ್ದಾಳೆ," ಎಂದಳು ಅಮ್ಮ.

"ಹೌದಲ್ಲ, ನಮ್ಮ ಪದ್ಧತಿ."

"ಕೇಳದೆ ಹೇಗೆ ಗೊತ್ತಾಗ್ತದೆ? ಅಡುಗೆಯವಳಿಗೆ ದೊರೆಯ ತಾಯಿಯ ಹೆಸರು ಎಂತಕ್ಕೆ? ಬಸುರಿ ಅಂತ ಗೊತ್ತಾದ ಮೇಲೆ ಕೇಳಿದ್ದಾಳೆ. ಅವ ಹೇಳಿದ್ದಾನೆ."

"ಸುಮ್ಮನೆ ಮಾತಿಗೆ ಹೇಳಿರಬಹುದು ಅಮ್ಮ."

"ನಿನಗೆ ನಿನ್ನ ಅತ್ತೆಯ ಪೂರ್ತಿ ಹೆಸರು ಗೊತ್ತಾದದ್ದು ಯಾವಾಗ?"

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಗಂಡನನ್ನು ಕೇಳಿ ತಿಳಿದದ್ದು.

"ಅವನಿಗೆ ಗೊತ್ತಿತ್ತು," ಎಂದಳು ಅಮ್ಮ. ಉಳಿದ ಸಿಗಡಿಯನ್ನು ಒಂದೂ ಬಿಡದೆ ಸುಲಿದು, ಕೈ ತೊಳೆದು, ಹೋಗಿ ಮಲಗಿದಳು. ಆ ಮಧ್ಯಾಹ್ನ ನನಗೆ ಬಂದಷ್ಟು ಸಿಟ್ಟು ಯಾವ ಸತ್ತವನ ಮೇಲೂ ಬಂದಿರಲಿಲ್ಲ. ನನ್ನ ಮೇಲೂ ಬಂತು. ಯಾರು ಅಗೆಯಲು ಹೇಳಿದ್ದರು? ಅಮ್ಮನೇ ಹೇಳಿದ್ದು, ನಿಜ. ಆದರೂ ಮಕ್ಕಳಾದವರು ಕೆಲವನ್ನು ಹುಡುಕಿದಂತೆ ಮಾಡಿ ಸಿಗಲಿಲ್ಲ ಎಂದುಬಿಡಬೇಕು. ನನಗೆ ಅಷ್ಟು ಬುದ್ಧಿ ಇರಲಿಲ್ಲ.

ಸಂಜೆ ಅವಳೇ ಎದ್ದು ಮೇಣದ ಬತ್ತಿ ಹಚ್ಚಿದಳು. ತೇರ್ಸ್ ಮುಗಿಯಿತು. ಅಪ್ಪನಿಗೆ, ಅವಳ ತಂದೆತಾಯಿಗೆ, ಅಜ್ಜಿಗೆ ಹೆಸರು ಹಿಡಿದು ಒಂದೊಂದು ಪರಲೋಕ ಮಂತ್ರ. ಅವನ ಸರದಿ ಬಂದಾಗ ನಿಲ್ಲಿಸಿದಳು. ಈಗ ಅವನ ಪೂರ್ತಿ ಹೆಸರು ಅವಳಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿ ಕಾದೆ.

ಅಮ್ಮ ಅಜ್ಜಿಯ ಹೆಸರನ್ನೇ ಇನ್ನೊಮ್ಮೆ ಹೇಳಿದಳು. ವಯಸ್ಸಾಯಿತು, ಮರೆತು ಎರಡು ಸಲ ಹೇಳುತ್ತಿದ್ದಾಳೆ ಎಂದುಕೊಂಡು, "ಅಜ್ಜಿಗೆ ಆಯ್ತಲ್ಲ ಅಮ್ಮ," ಎಂದೆ.

"ಇದು ಅವನ ತಾಯಿಗೆ," ಎಂದಳು ಅಮ್ಮ. "ಪಾಪ, ಅವಳಿಗೆ ಗೊತ್ತಿರಲಿಲ್ಲ."