ಚಿಕ್ಕಬೈರಪ್ಪನವರ ಸೇಬಿನ ಸೊಪ್ಪು

ನಮ್ಮ ಮನೆ ಓನರ್ ಚಿಕ್ಕಬೈರಪ್ಪನವರು ಬೆಳಗ್ಗೆ ಎದ್ದು ದೇವರ ಪಟಕ್ಕಿಂತ ಮೊದಲು ನೋಡುವುದು ಸೇಬಿನ ಗಿಡದ ಎಲೆಗಳನ್ನು. ಬಾಗಲಗುಂಟೆಯಲ್ಲಿ ಸೇಬೇ ಎಂದು ನಗುವವರು ನಗಬಹುದು. ಬಾಡಿಗೆಗೆ ಬಂದ ಹೊಸದರಲ್ಲಿ ನಾನೂ ನಕ್ಕಿದ್ದೆ. ಗಿಡಕ್ಕೆ ನೆರಳು ಬೀಳುತ್ತದೆ, ಆ ಕಡೆ ಬಟ್ಟೆ ಒಣಗಿಸಬಾರದು ಎಂದು ಅಪ್ಪಣೆಯಾದ ಮೇಲೆ ನಗು ನಿಂತಿತು.

ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ, ಒಂದರ ಮೇಲೊಂದು. ಅಷ್ಟು ಹೊಲದಲ್ಲಿ ಮಣ್ಣು ಅಂತ ಉಳಿದಿರುವುದು ಗೇಟಿನ ಪಕ್ಕ ಒಂದು ಮಂಚದಗಲ ಜಾಗ. ಹೆಬ್ಬಾಳದ ಕೃಷಿ ಮೇಳಕ್ಕೆ ಹೋಗಿದ್ದಾಗ, ಇದು ಬಿಸಿಲಿಗೂ ಹಣ್ಣು ಬಿಡುವ ಜಾತಿ ಎಂದು ಯಾರೋ ಹೇಳಿದ್ದನ್ನು ನಂಬಿ, ಸಸಿ ತಂದು ಅಲ್ಲಿ ನೆಟ್ಟರು. ಗಿಡ ಆಳೆತ್ತರ ದಾಟಿತು. ಎಲೆ ಬಿಟ್ಟಿತು, ಇನ್ನಷ್ಟು ಎಲೆ ಬಿಟ್ಟಿತು. ಹೂವು ಮಾತ್ರ ಬಿಡಲಿಲ್ಲ.

ಅದರಿಂದ ಅವರಿಗೇನೂ ಬೇಸರವಿದ್ದಂತೆ ಕಾಣಲಿಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದು ರಿಟೈರ್ ಆದವರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಭೂತಗನ್ನಡಿಯಲ್ಲಿ ನೋಡಿ ರಿಜೆಕ್ಟ್ ಮಾಡುವುದೇ ಅವರ ಕೆಲಸವಾಗಿತ್ತು. ಕೆಲಸ ಮುಗಿಯಿತು, ಭೂತಗನ್ನಡಿ ಮನೆಗೆ ಬಂತು. ಮೊಮ್ಮಗಳು ಇಂದುವನ್ನು ನೋಡಲು ಬಂದ ಗಂಡುಗಳನ್ನೂ ಹೀಗೆಯೇ ರಿಜೆಕ್ಟ್ ಮಾಡುತ್ತ ಬಂದರು. ಒಬ್ಬನ ನಡಿಗೆ ಸರಿಯಿಲ್ಲ, ಇನ್ನೊಬ್ಬ ಕಾಫಿಯನ್ನು ತುಂಬಾ ಹೊತ್ತು ಕುಡಿದ. ಅವರ ಕೈಯಲ್ಲಿ ಪಾಸಾಗಿದ್ದು ಎರಡೇ: ಇಂದು ಮತ್ತು ಆ ಗಿಡದ ಎಲೆ.

ಎಲೆ ಉಸಿರಾಡುವುದು ಕೆಳಮೈಯಿಂದ ಎಂದು ಎಲ್ಲೋ ಓದಿದ್ದರು. ಹೆಸರಘಟ್ಟ ರಸ್ತೆಯ ಧೂಳು ಕೂತರೆ ಅದರ ಉಸಿರು ಕಟ್ಟುತ್ತದೆಂದು ಒಂದೊಂದು ಎಲೆಯನ್ನೂ ಮಗುಚಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಟ್ಟೆ ಅವರ ಹೆಂಡತಿ ಮುನಿಗಂಗಮ್ಮನವರ ಹಳೇ ಸೀರೆಯದು. ಹಳೇದು ಎಂದು ತೀರ್ಮಾನಿಸುತ್ತಿದ್ದವರೂ ಇವರೇ. ಬೂದಿ ರೋಗ ಕಂಡರೆ ಹುಳಿ ಮಜ್ಜಿಗೆ ಎರಚುವರು. ಅವತ್ತು ಮನೆಯಲ್ಲಿ ಊಟಕ್ಕೆ ಮಜ್ಜಿಗೆ ಇಲ್ಲ. ಒಮ್ಮೆ ನರ ಮಾತ್ರ ಹಸಿರುಳಿದು ಎಲೆಯೆಲ್ಲ ಹಳದಿಯಾದಾಗ, ನಾಲ್ಕು ಎಲೆಗಳನ್ನು ಟಿಫಿನ್ ಬಾಕ್ಸಿನಲ್ಲಿಟ್ಟುಕೊಂಡು ಸಹಕಾರನಗರಕ್ಕೆ ಹೋದರು. ಅಲ್ಲಿ ರಘುನಾಥ್ ಎಂಬ ನಿವೃತ್ತ ತೋಟಗಾರಿಕೆ ತಜ್ಞರಿದ್ದಾರೆ. ಬುಡದಲ್ಲಿ ಹೂತಿರುವ ಕಟ್ಟಡದ ಗಾರೆಯ ಸುಣ್ಣ, ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು, ಎರಡೂ ಸೇರಿ ಗಿಡಕ್ಕೆ ಕಬ್ಬಿಣ ಸಿಗದಂತೆ ಮಾಡಿವೆ ಎಂದು ಅವರು ವಿವರಿಸಿ ಔಷಧಿ ಹೇಳಿದರು. ಎಲೆ ಮತ್ತೆ ಹಸಿರಾಯಿತು. ಅಲ್ಲಿಂದಾಚೆಗೆ ಟಿಫಿನ್ ಬಾಕ್ಸು ತಿಂಗಳಿಗೊಮ್ಮೆ ಸಹಕಾರನಗರಕ್ಕೆ ಹೋಗಿ ಬರುತ್ತಿತ್ತು. ಎಲೆ ಫಸ್ಟ್ ಕ್ಲಾಸ್ ಇದೆ ಎಂದು ರಘುನಾಥ್ ಹೇಳುವರು, ಇವರು ಬಸ್ಸಿನುದ್ದಕ್ಕೂ ಬೀಗುತ್ತ ವಾಪಸಾಗುವರು.

ಮಗ ಅನಂತರಾಜುವಿಗೆ ಆ ಜಾಗ ಕಾರಿಗೆ ಬೇಕಾಗಿತ್ತು. ಇಂದುವಿನ ಮದುವೆ ಕಡೆಗೂ ಗೊತ್ತಾದಾಗ ಅವನು ಅಪ್ಪನೆದುರು ಕೂತು ನಿರ್ಧಾರ ಹೇಳಿದ. ಮದುವೆ ಮುಗಿಯಲಿ, ಯುಗಾದಿವರೆಗೆ ನೋಡುತ್ತೇನೆ, ಅಷ್ಟರಲ್ಲಿ ಹೂವು ಬಂದರೆ ಗಿಡ, ಇಲ್ಲದಿದ್ದರೆ ಶೆಡ್ಡು. ಚಿಕ್ಕಬೈರಪ್ಪನವರು ವಾದ ಮಾಡಲಿಲ್ಲ. ಮಾರನೆಯ ದಿನದಿಂದ ಎಲೆಗಳನ್ನು ಬೆಳಗ್ಗೆ ಸಂಜೆ ಎರಡು ಹೊತ್ತೂ ಒರೆಸತೊಡಗಿದರು. ಪಾಪ, ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಮದುವೆ ಛತ್ರದಲ್ಲಾದರೂ ಚಪ್ಪರ ಮನೆ ಮುಂದೆಯೇ ಹಾಕಬೇಕು. ಅದಕ್ಕೆ ಸೊಪ್ಪು ತರುವುದು ಹುಡುಗಿಯ ಸೋದರಮಾವನ ಕೆಲಸ, ಅಂದರೆ ಅನಂತರಾಜುವಿನ ಭಾಮೈದ ಆವಲಪ್ಪನದು. ಆವಲಪ್ಪ ಹೇಳಿದ ಮಾತನ್ನು ಚಾಚೂ ತಪ್ಪದೆ ಮಾಡುವವನು. ಮನೆಯಲ್ಲಿ ಎಲ್ಲರೂ ಅವನಿಗೆ ಹೆದರುವುದು ಅದಕ್ಕೇ. ಅಲಂಕಾರದವರು ಪ್ಲಾಸ್ಟಿಕ್ ಎಲೆಯ ಫೋಟೋ ತೋರಿಸಿದಾಗ ಚಿಕ್ಕಬೈರಪ್ಪನವರು ಕೆಂಡವಾದರು.

"ಪ್ಲಾಸ್ಟಿಕ್ ಕಟ್ಟಿದ್ರೆ ನಾನು ಧಾರೆಗೆ ಬರಾಕಿಲ್ಲ. ನಿಜವಾದ ಸೊಪ್ಪಾಗ್ಬೇಕು, ಅದೂ ನಮ್ಮ ನೆಲದ್ದೇ ಆಗ್ಬೇಕು. ನಮ್ಮಪ್ಪನ ಕಾಲದಿಂದ ಇಂಗೇ ನಡ್ಕೊಂಡು ಬಂದೈತೆ."

ಅಪ್ಪನ ಕಾಲದಲ್ಲಿ ನೆಲವೂ ಇತ್ತು, ಅದರ ಬದುವಿನಲ್ಲಿ ಚಪ್ಪರಕ್ಕಾಗುವ ನೇರಳೆಯೂ ಇತ್ತು ಎಂಬುದನ್ನು ಯಾರೂ ಎತ್ತಲಿಲ್ಲ. ಚಪ್ಪರದ ದಿನ ಅವರು ಉಳಿದ ಲಗ್ನಪತ್ರಿಕೆ ಹಂಚಲು ಹೊರಟುಹೋದರು. ಆವಲಪ್ಪ ನೇರಳೆ ಹುಡುಕಿ ಊರೆಲ್ಲ ಸುತ್ತಿದ. ಕೆರೆಯ ಪಕ್ಕದ ಮರಗಳಿಗೆ ಬೇಲಿ ಬಿದ್ದಿತ್ತು, ರಸ್ತೆಯ ಹೊಂಗೆಗೆ ಕೈ ಹಾಕಿದರೆ ದಂಡ. ಬರಿಗೈಯಲ್ಲಿ ವಾಪಸು ಬಂದು ಗೇಟಿನ ಹತ್ತಿರ ನಿಂತವನಿಗೆ ಮಾವನ ಮಾತು ನೆನಪಾಯಿತು, ಕಣ್ಣೆದುರಿಗೇ ಸೊಪ್ಪೂ ಕಂಡಿತು. ಕೊಂಬೆ ಮುಟ್ಟಬೇಡಿ ಎಂದಷ್ಟೇ ಮುನಿಗಂಗಮ್ಮ ಅಡ್ಡ ಬಂದರು. ಎಲೆಯ ವಿಷಯದಲ್ಲಿ ಅವರು ಯಾಕೋ ಮೌನವಾಗಿದ್ದರು. ಹೋದ ಸೀರೆಗಳ ಲೆಕ್ಕ ಅವರಿಗೂ ಇತ್ತೇನೋ. ನೆಂಟರ ಹೆಂಗಸರು ಸುತ್ತ ಕೂತು, ಮಾವಿನ ತೋರಣದ ಹಾಗೆ ಎಲೆಗಳನ್ನು ದಾರಕ್ಕೆ ಪೋಣಿಸಿದರು. ಚಪ್ಪರ ಸಣ್ಣದಲ್ಲ. ಗಿಡದ ಮೇಲೆ ಒಂದೆಲೆಯೂ ಉಳಿಯಲಿಲ್ಲ.

ಸಂಜೆ ಚಿಕ್ಕಬೈರಪ್ಪನವರು ಬಂದಾಗ ನಾನು ಮಹಡಿ ಮೆಟ್ಟಿಲ ಮೇಲಿದ್ದೆ. ಮೊದಲು ಚಪ್ಪರವನ್ನು ಮೆಚ್ಚಿ ನೋಡಿದರು. ಎಷ್ಟು ಚೊಕ್ಕವಾದ ಎಲೆ, ಒಂದು ಚುಕ್ಕೆಯಿಲ್ಲ ಎನ್ನುತ್ತ ಒಂದನ್ನು ಮಗುಚಿ ಕೆಳಮೈ ನೋಡಿದರು. ಆಮೇಲೆ ಗಿಡದ ಕಡೆ ತಿರುಗಿದರು.

ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಕಡೆಗೆ ಆವಲಪ್ಪನೇ ಬಾಯಿ ಬಿಟ್ಟ.

"ನೀವೇ ಅಂದಿದ್ದಲ್ವಾ ಮಾವ, ನಮ್ಮ ನೆಲದ ಸೊಪ್ಪೇ ಆಗ್ಬೇಕು ಅಂತ. ನಿಮ್ಮ ನೆಲದಾಗೆ ಇನ್ನೇನೈತೆ?"

ಚಿಕ್ಕಬೈರಪ್ಪನವರು ಅದೇ ಚಪ್ಪರದ ಕೆಳಗೆ ಕೂತು ಮೊಮ್ಮಗಳಿಗೆ ಅರಿಶಿನ ಹಚ್ಚಿದರು. ಛತ್ರದಲ್ಲಿ ಹುಡುಗಿಯನ್ನು ಕಳಿಸಿಕೊಡುವಾಗ ಮಾತ್ರ ಬಿಕ್ಕಿ ಬಿಕ್ಕಿ ಅತ್ತರು. ಅತ್ತದ್ದು ಇಂದುವಿಗೋ ಗಿಡಕ್ಕೋ ಎಂದು ಊಟದ ಪಂಕ್ತಿಯಲ್ಲಿ ಚರ್ಚೆ ನಡೆಯಿತು. ಬಹುಮತ ಗಿಡದ ಕಡೆಗಿತ್ತು.

ಅನಂತರಾಜು ಗಾರೆಯವನಿಗೆ ಹೇಳಿಯೂ ಬಿಟ್ಟ, ಯುಗಾದಿ ಮುಗಿಸಿ ಬಾ ಎಂದು. ಬೋಳು ಗಿಡಕ್ಕೆ ಚಿಕ್ಕಬೈರಪ್ಪನವರು ನೀರು ಹಾಕುವುದನ್ನು ಬಿಡಲಿಲ್ಲ, ಆದರೆ ಭೂತಗನ್ನಡಿ ಹೊರಗೆ ಬರಲಿಲ್ಲ. ನೋಡಲು ಎಲೆಯೇ ಇಲ್ಲವಲ್ಲ. ಶಿವರಾತ್ರಿಯ ಜಾಗರಣೆ ಮುಗಿಸಿದ ಬೆಳಗ್ಗೆ, ನಿದ್ದೆಗಣ್ಣಲ್ಲಿ ನೀರು ಹಾಕುತ್ತಿದ್ದವರು ತಂಬಿಗೆ ಕೆಳಗಿಟ್ಟು ಒಳಗೆ ಓಡಿದರು. ಕನ್ನಡಿ ಹಿಡಿದು ನೋಡಿದರು, ಮುನಿಗಂಗಮ್ಮನಿಗೆ ತೋರಿಸಿದರು, ನಮ್ಮನ್ನೂ ಕೆಳಗೆ ಕರೆದರು. ಒಣಗಿದಂತಿದ್ದ ಕೊಂಬೆಯ ಗಂಟುಗಳಲ್ಲಿ ಗುಲಾಬಿ ಬಣ್ಣದ ಮೊಗ್ಗುಗಳು ಬಾಯಿ ಬಿಡುತ್ತಿದ್ದವು. ಯುಗಾದಿಗೆ ಗಿಡ ಪೂರ್ತಿ ಹೂವು. ಅನಂತರಾಜು ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಕವರ್ ಹೊದಿಸಿದ.

ಈ ಸಲ ಟಿಫಿನ್ ಬಾಕ್ಸಿನಲ್ಲಿ ಹೂವು ಹೋಯಿತು. ಜೊತೆಗೆ ನಾನೂ ಹೋದೆ. ರಘುನಾಥ್‌ಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಚಳಿ ಸೀಮೆಯಲ್ಲಿ ಎಲೆ ತಾನಾಗಿ ಉದುರಿ ಗಿಡ ಮಲಗಿ ಏಳುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ, ಎಲೆ ಉದುರುವುದಿಲ್ಲ, ಹಳೇ ಎಲೆ ಕೂತಿರುವಷ್ಟು ದಿನ ಪಕ್ಕದ ಮೊಗ್ಗನ್ನು ಅದು ಏಳಗೊಡುವುದಿಲ್ಲ. ಅದಕ್ಕೇ ಬಿಸಿಲೂರುಗಳಲ್ಲಿ ವರ್ಷಕ್ಕೊಮ್ಮೆ ಕೈಯಾರೆ ಕೀಳುತ್ತಾರೆ ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಚಿಕ್ಕಬೈರಪ್ಪನವರು ಸಣ್ಣ ದನಿಯಲ್ಲಿ ಕೇಳಿದರು.

"ನೀವು ಬಂದಾಗೆಲ್ಲ ಎಲೆ ಹೇಗಿದೆ ಅಂತ ಕೇಳಿದ್ರಿ ಕಣ್ರೀ. ಎಲೆ ಚೆನ್ನಾಗೇ ಇತ್ತು."

ವಾಪಸು ಬರುವಾಗ ಬಸ್ಸಿನುದ್ದಕ್ಕೂ ಅವರು ಟಿಫಿನ್ ಬಾಕ್ಸಿನ ಮುಚ್ಚಳ ತೆಗೆದು ಮುಚ್ಚುತ್ತಿದ್ದರು.

ಬೇಸಿಗೆ ಕಳೆದು ಇಂದು ತವರಿಗೆ ಬಂದಳು. ಅಷ್ಟು ಹೊತ್ತಿಗೆ ಗಿಡದ ತುಂಬ ಹೊಸ ಎಲೆ, ನಡುವೆ ನಿಂಬೆಗಿಂತ ತುಸು ದೊಡ್ಡ ಕಾಯಿಗಳು. ಇನ್ನೂ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮೊದಲನೆಯದನ್ನು ಕಿತ್ತು, ಪಂಚೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟರು. ಕಚ್ಚಿದವಳ ಮುಖ ಹುಳಿಗೆ ಕಿವುಚಿಕೊಂಡಿತು. ನಗುತ್ತಲೇ ಕೇಳಿದಳು, ಊಟದ ಪಂಕ್ತಿಯ ಚರ್ಚೆ ಅವಳ ಕಿವಿಗೂ ಬಿದ್ದಿತ್ತು.

"ತಾತ, ನಿಜ ಹೇಳಿ, ಅವತ್ತು ಛತ್ರದಲ್ಲಿ ಅತ್ತಿದ್ದು ನಂಗಾ, ಗಿಡಕ್ಕಾ?"

ಚಿಕ್ಕಬೈರಪ್ಪನವರು ಹತ್ತಿರದ ಎಲೆಯೊಂದನ್ನು ಮಗುಚಿ ಕೆಳಮೈ ನೋಡಿದರು, ಒರೆಸಲಿಲ್ಲ.

"ಗಿಡಕ್ಕೇ ಅಂತ ನಾನೂ ಅಂದ್ಕೊಂಡಿದ್ದೆ ಕಣವ್ವ. ಎಲೆಯೆಲ್ಲ ವಾಪಸ್ ಬಂದ ಮ್ಯಾಲೂ ಅಳು ನಿಲ್ಲಲಿಲ್ಲ."

ಇಂದು ಆ ಹುಳಿ ಸೇಬನ್ನು ಬೀಜದವರೆಗೂ ತಿಂದಳು.