ನಮ್ಮೂರಪ್ಪ ಹಿತ್ತಲು ತೋರಿಸಿದ್ದು

ನನ್ನ ಸೋದರಮಾವನಿಗೆ ಜನ ಇಟ್ಟ ಹೆಸರು ನಮ್ಮೂರಪ್ಪ. ‘ನಮ್ಮೂರಲ್ಲಿ’ ಅನ್ನದೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ, ಅದಕ್ಕೆ. ಕೆಲಸ ಬಾಡಿಗೆ ಕಾರು ಓಡಿಸುವುದು. ಬಸ್ ನಿಲ್ದಾಣದಲ್ಲಿ ಹೊಸಬರು ಯಾರಾದರೂ ಪೆಟ್ಟಿಗೆ ಹಿಡಿದು ಇಳಿದು ಇವನ ಕಾರು ಹತ್ತಿದರೆ ಮುಗಿಯಿತು, ಅವರನ್ನು ನೇರ ದಾರಿಯಲ್ಲಿ ಮುಟ್ಟಿಸಿದ್ದು ನನಗಂತೂ ನೆನಪಿಲ್ಲ. ಮೊದಲು ಗಡಿಯಾರದ ಗೋಪುರದ ಹತ್ತಿರ ಕಾರು ನಿಧಾನ ಮಾಡುತ್ತಿದ್ದ.

“ನಿಮ್ಮ ವಾಚ್ ನೋಡ್ಕೊಳಿ ಸಾರ್. ಒಂದ್ ನಿಮಿಷ ಹಿಂದೆಮುಂದೆ ಆಗಲ್ಲ. ಹೊಳೆಯಾಚೆ ಊರಲ್ಲೂ ಒಂದ್ ಗಡಿಯಾರ ಇದೆ. ಅದನ್ನ ನಂಬಿ ಬಸ್ಸಿಗೆ ಹೊರಟವರು ಇನ್ನೂ ಬಸ್ ಸ್ಟ್ಯಾಂಡಲ್ಲೇ ಕೂತಿದಾರೆ.”

ಸುತ್ತು ಹಾಕಿಸಿದ್ದಕ್ಕೆ ಹೆಚ್ಚು ಕಾಸು ಕೇಳುತ್ತಿರಲಿಲ್ಲ ಅನ್ನುವುದೊಂದೇ ಸಮಾಧಾನ. ನಿಜ ಹೇಳಬೇಕೆಂದರೆ ನಮ್ಮೂರು ಅಂಥ ಹೇಳಿಕೊಳ್ಳುವಂಥದ್ದೇನಲ್ಲ. ಅಗಲವಾದ ಒಂದು ಮುಖ್ಯರಸ್ತೆ, ಒಂದು ಕಾಲೇಜು, ಬೆಂಚುಗಳಿಗೆ ವರ್ಷವರ್ಷ ಬಣ್ಣ ಬಳಿಯುವ ಒಂದು ಪಾರ್ಕು. ಗುಡ್ಡದ ಮಗ್ಗುಲಲ್ಲಿ ಇಳಿದರೆ ಕೆಳಗಿನ ಬೀದಿ. ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಚರಂಡಿಗೆ ಮುಚ್ಚಳವಿಲ್ಲ, ರಸ್ತೆಯನ್ನು ಅಗೆದವರು ಮುಚ್ಚುವುದನ್ನು ಮರೆತಿರುತ್ತಾರೆ. ನಾನು ಹುಟ್ಟಿದ್ದು ಅಲ್ಲಿ. ಅಮ್ಮ ಈಗಲೂ ಇರುವುದು ಅಲ್ಲೇ, ಹೊಲಿಗೆ ಯಂತ್ರದ ಮುಂದೆ. ಮಾವನ ಮನೆ ಪಕ್ಕದಲ್ಲೇ.

ಈ ಬಡಾಯಿ ಮನುಷ್ಯನ ಋಣ ನನ್ನ ಮೇಲೆ ಎಷ್ಟಿದೆ ಎಂದು ಹೇಳಬೇಕಾದರೆ ಅಮ್ಮನಿಂದಲೇ ಶುರು ಮಾಡಬೇಕು. ಅವಳು ಇವನ ಅಕ್ಕ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು, ಬಾಯಿಮಾತೂ ಬರಲಿಲ್ಲ. ಮನೆಯ ಹಿರಿಯರು ಬಾ, ಹೋಗು, ಉಣ್ಣು ಎಂದು ಕೈ ಆಡಿಸಿ ಅಷ್ಟಕ್ಕೇ ನಿಲ್ಲಿಸಿಬಿಟ್ಟಿದ್ದರಂತೆ. ಅಷ್ಟಕ್ಕೆ ನಿಲ್ಲಿಸದವನು ಇವನೊಬ್ಬನೇ. ಬೀದಿಯಲ್ಲಿ ಯಾರ ಜಗಳ, ಯಾರು ಸೈಕಲ್ಲಿನಿಂದ ಬಿದ್ದರು, ಮೇಷ್ಟರು ಯಾರ ಕಿವಿ ಹಿಂಡಿದರು, ಎಲ್ಲವನ್ನೂ ಓಡಿಬಂದು ಅಕ್ಕನಿಗೆ ಹೇಳಲೇಬೇಕು. ಹೇಳುವುದಕ್ಕೆ ಇಬ್ಬರೂ ಸೇರಿ ಸನ್ನೆಗಳನ್ನು ಕಟ್ಟಿಕೊಂಡರು. ಆಮೇಲೆ ಅಮ್ಮ ಕಿವುಡ ಮಕ್ಕಳ ಶಾಲೆಗೆ ಹೋಗಿ ಕಲಿತುಬಂದದ್ದನ್ನು ತಮ್ಮನಿಗೂ ಕಲಿಸಿದಳು. ಎರಡೂ ಕಲಸಿಹೋದದ್ದೇ ನಮ್ಮ ಮನೆಯ ಕೈಮಾತು. ಅಪ್ಪ ಬೇಗ ತೀರಿಕೊಂಡ ಮೇಲೆ ಅದನ್ನು ಬಲ್ಲವರು ನಾವು ಮೂರೇ ಜನ.

ಮಾವನ ಬಾಯಿ ಹೇಗೋ ಕೈಯೂ ಹಾಗೇ, ದೊಡ್ಡದು. ಕಾರು ಓಡಿಸುತ್ತಲೇ ಎರಡೂ ಕೈಯಲ್ಲಿ ಮಾತಾಡಲು ಹೋಗುತ್ತಿದ್ದ. ಪಕ್ಕದಲ್ಲಿ ಕೂತ ಅಮ್ಮ ಪಟ್ಟನೆ ಒಂದು ಏಟು ಕೊಟ್ಟು ಆ ಕೈಗಳನ್ನು ಮತ್ತೆ ಸ್ಟೇರಿಂಗ್ ಮೇಲಿಡುತ್ತಿದ್ದಳು. ಅಂಗೈಯಿಂದ ಎದೆ ತಟ್ಟಿಕೊಂಡರೆ ನಮ್ಮಲ್ಲಿ ಮಾವ ಎಂದರ್ಥ. ಅವನ ಜಂಭ ನೋಡಿ ಅಮ್ಮನೇ ಇಟ್ಟ ಹೆಸರು. ಅಮ್ಮನಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ವಾದದಲ್ಲಿ ಸೋಲುತ್ತಿದ್ದೇನೆ ಅನ್ನಿಸಿದ ಕೂಡಲೇ ಕಣ್ಣು ಮುಚ್ಚಿಬಿಡುವಳು. ಆಮೇಲೆ ನೀವು ಎಷ್ಟೇ ಕೈ ಆಡಿಸಿ, ಯಾರಿಗೆ ಹೇಳುತ್ತೀರಿ?

ನಾನು ದೊಡ್ಡ ಪಟ್ಟಣಕ್ಕೆ ಬಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದೆ. ಇಲ್ಲಿ ಲಿಫ್ಟಿನೊಳಗೆ ನಿಂತರೂ ಫೋನಿನಲ್ಲಿ ಚಿತ್ರ ನೀರಿನಂತೆ ಹರಿಯುತ್ತದೆ. ಊರಲ್ಲಿ ಅಮ್ಮ ಸಂಜೆ ಹೊಲಿಗೆ ನಿಲ್ಲಿಸಿ, ದಾರದ ಡಬ್ಬಿಗೆ ಫೋನು ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೂರುತ್ತಿದ್ದಳು. ನಾನು ಕೈಯೆತ್ತಿ ಒಂದು ಮಾತು ಶುರು ಮಾಡಿದರೆ ಅವಳ ಫೋನಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಬಾಯಲ್ಲಿ ಮಾತಾಡುವವರಿಗೆ ಚಿತ್ರ ನಿಂತರೂ ದನಿ ಬರುತ್ತದೆ. ನಮಗೆ ಚಿತ್ರವೇ ದನಿ. ಬರೆದು ಕಳಿಸಿದರೆ ಅಮ್ಮ ಓದುತ್ತಾಳೆ, ಉತ್ತರವನ್ನೂ ಬರೆಯುತ್ತಾಳೆ. ಆದರೆ ಬರವಣಿಗೆಯಲ್ಲಿ ಅವಳು ನನಗೆ ಪರಿಚಯವೇ ಇಲ್ಲದ ಯಾರೋ ಮರ್ಯಾದಸ್ಥ ಹೆಂಗಸು.

ಬರಬರುತ್ತಾ ಅಮ್ಮನ ಮಾತು ಕಡಿಮೆಯಾಯಿತು. ಊಟ ಆಯ್ತಾ, ಹುಷಾರಾ, ಸರಿ, ಇಡ್ತೀನಿ. ಬೈಗುಳವಿಲ್ಲ, ಬೀದಿಯ ಸುದ್ದಿಯಿಲ್ಲ. ರಜೆಗೆ ಹೋದಾಗ ಎಲ್ಲ ಮೊದಲಿನಂತೆಯೇ ಇರುತ್ತಿತ್ತು, ಹಿಂತಿರುಗಿದರೆ ಮತ್ತದೇ. ಕೊನೆಗೆ ಮಾವ ಫೋನಿನಲ್ಲಿ ಬಾಯಿಬಿಟ್ಟ.

“ನೀನು ಮಾತನ್ನ ಅರ್ಧಕ್ಕೆ ಬಿಡ್ತೀಯಂತೆ. ಎದುರಿಗಿದ್ದಾಗ ಮಾತಾಡ್ತಾಳೆ, ದೂರ ಹೋದ್ರೆ ಅವಳಿಗೆ ನಾನು ಬೇಡ ಅನ್ಸುತ್ತೆ, ಅಂತಾಳೆ ಅಕ್ಕ.”

“ನೆಟ್‌ವರ್ಕ್ ಸರಿಯಿಲ್ಲ ಅಂತ ಹೇಳ್ಬಾರದಾ ಮಾವ?”

“ನಮ್ಮೂರಲ್ಲಿ ನೆಟ್‌ವರ್ಕಿಗೇನೇ ಕಮ್ಮಿ? ಸ್ಟ್ಯಾಂಡಲ್ಲಿ ಕೂತು ನಾನು ದಿನಾ ಸಿನಿಮಾ ನೋಡಲ್ವಾ?”

ಮುಖ್ಯರಸ್ತೆಯ ಸ್ಟ್ಯಾಂಡಿನಲ್ಲಿ ಕೂತವನಿಗೆ ಕೆಳಗಿನ ಬೀದಿಯ ಕಷ್ಟ ಹೇಗೆ ಗೊತ್ತಾಗಬೇಕು? ಮನೆಗೆ ಬಂದರೆ ಅವನು ಫೋನು ಮುಟ್ಟುತ್ತಿರಲಿಲ್ಲ. ಊರಿಗೆ ಒಂದು ಕುಂದು ಇದೆ ಎಂದು ಅವನ ಬಾಯಿಂದ ಹೊರಡಿಸುವುದು ನನ್ನಿಂದಾಗಲಿಲ್ಲ. ನೆಟ್‌ವರ್ಕಿನದೇ ತಪ್ಪು ಎಂದು ಅಮ್ಮನಿಗೆ ನಾನೇ ಬರೆದು ಕಳಿಸಿದರೆ, ‘ತಮ್ಮ ಹಾಗನ್ನುವುದಿಲ್ಲ’ ಎಂದು ಉತ್ತರ ಬಂತು. ಅಮ್ಮ ನನ್ನಿಂದ ದೂರ ಸರಿಯುತ್ತಿದ್ದಳು, ಅವಳಿಗೆ ನಿಜ ತಿಳಿಸಬಲ್ಲ ಒಬ್ಬನೇ ಒಬ್ಬ ಊರಿನ ಮಾನ ಕಾಯುತ್ತಾ ಕೂತಿದ್ದ.

ಇಂಥ ಹೊತ್ತಿಗೆ ಕಂಪನಿಯೊಂದು ಹೊಸ ವೇಗದ ನೆಟ್‌ವರ್ಕ್ ತರುತ್ತದೆಂದು ಸುದ್ದಿಯಾಯಿತು. ಯಾವ ಊರಲ್ಲಿ ಹೇಗಿದೆ ಎಂದು ಅಳೆದು ನೋಡಲು ಇಂಜಿನಿಯರ್ ಹೆಂಗಸೊಬ್ಬಳು ಬಂದಳು. ಅವಳಿಗೆ ಸಿಕ್ಕಿದ್ದು ನಮ್ಮೂರಪ್ಪನ ಕಾರು. ಆ ದಿನ ಸಂಜೆ ಫೋನಿನಲ್ಲಿ ಮಾವನ ಸಂಭ್ರಮ ಹೇಳತೀರದು.

“ಡ್ಯಾಶ್‌ಬೋರ್ಡ್ ಮೇಲೆ ಸಾಲಾಗಿ ಫೋನು, ಮೇಡಂ ತೊಡೆ ಮೇಲೆ ಲ್ಯಾಪ್‌ಟಾಪು. ಜನ ಇರೋ ಕಡೆಯೆಲ್ಲ ಓಡ್ಸಿ ಅಂದ್ರು. ಓಡ್ಸಿದೀನಿ ನೋಡು! ಮುಖ್ಯರಸ್ತೆ, ಕಾಲೇಜು, ಪಾರ್ಕು, ಗುಡ್ಡದ ಮೇಲೆ. ಎಲ್ಲ ಕಡೆ ಫುಲ್ ಸಿಗ್ನಲ್. ನಮ್ಮೂರು ಫಸ್ಟ್ ಕ್ಲಾಸಲ್ಲಿ ಪಾಸು.”

“ಕೆಳಗಿನ ಬೀದಿಗೆ ಹೋಗಿದ್ರಾ?”

“ಅಯ್ಯೋ, ಅಲ್ಲಿ ಚರಂಡಿ ಅಗೆದು ಹಾಕಿದಾರೆ. ಮನೆಗೆ ಬಂದ ನೆಂಟರಿಗೆ ಯಾರಾದ್ರೂ ಹಿತ್ತಲು ತೋರಿಸ್ತಾರೇನೇ?”

ಕೆಲವು ತಿಂಗಳ ಮೇಲೆ ಹೊಸ ನೆಟ್‌ವರ್ಕ್ ಬಂತು. ಹೊಳೆಯಾಚೆ ಊರಿಗೆ ಪೂರ್ತಿ ಬಂತು, ತರಕಾರಿ ಮಾರ್ಕೆಟ್ಟಿನ ಹಿಂದಿನ ಸಂದಿಯವರೆಗೆ. ನಮ್ಮೂರಿಗೆ ‘ಮುಂದೆ ನೋಡೋಣ’ ಎಂಬ ಉತ್ತರ. ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಕಾರು ಹತ್ತಿ ನೇರ ಕಂಪನಿಯ ಕಚೇರಿಗೆ ಹೋಗಿ ಮೇಜು ಗುದ್ದಿದನಂತೆ. ಒಳಗಿನಿಂದ ಬಂದವಳು ಅದೇ ಇಂಜಿನಿಯರ್. ಅವಳು ಬೈಯಲಿಲ್ಲ, ಲ್ಯಾಪ್‌ಟಾಪ್ ಇವನ ಕಡೆಗೆ ತಿರುಗಿಸಿದಳು. ಊರಿನ ನಕ್ಷೆಯಲ್ಲಿ ಇವನು ಓಡಿಸಿದ ರಸ್ತೆಗಳೆಲ್ಲ ಹಸಿರಾಗಿದ್ದವು.

“ಇಲ್ಲೆಲ್ಲ ಚೆನ್ನಾಗೇ ಇದೆ ಅಲ್ವಾ? ಚೆನ್ನಾಗಿರೋ ಕಡೆ ಹೊಸ ಟವರ್ ಯಾಕೆ ಹಾಕ್ತಾರೆ? ಎಲ್ಲಿ ಸಿಗಲ್ಲ ಅಂತ ಹುಡುಕೋಕೇ ನಾನು ಬಂದಿದ್ದು. ಹೊಳೆಯಾಚೆ ಡ್ರೈವರ್ ದಾರಿಯುದ್ದಕ್ಕೂ ತನ್ನ ಊರನ್ನೇ ಬೈತಾ ಸಂದಿಗೊಂದಿಯೆಲ್ಲ ತೋರಿಸ್ದ.”

ಅಲ್ಲಿಂದ ಹೊರಬಂದು ಮಾವ ನನಗೆ ಫೋನು ಮಾಡಿದ. ಆ ದಿನ ಅವನ ಮಾತು ‘ನಮ್ಮೂರಲ್ಲಿ’ ಎಂದು ಶುರುವಾಗಲಿಲ್ಲ.

“ಹಲ್ಲುನೋವು ಅಂತ ಡಾಕ್ಟ್ರ ಹತ್ರ ಹೋಗಿ, ಒಳ್ಳೆ ಹಲ್ಲು ತೋರಿಸಿ ಬಂದಿದೀನಿ ಕಣೇ ಪುಟ್ಟಿ. ಅಕ್ಕನ ಬೀದಿ ಆ ನಕ್ಷೆಯಲ್ಲಿ ಬರೀ ಖಾಲಿ.”

ನನ್ನ ಸಿಟ್ಟು ನೆತ್ತಿಗೇರಿತ್ತು. “ನಿನ್ನ ಜಂಭಕ್ಕೆ ನನ್ನ ಅಮ್ಮನೇ ಬೇಕಿತ್ತಾ ಮಾವ?” ಎಂದು ಕೂಗಿದೆ. ಉತ್ತರಕ್ಕೂ ಕಾಯದೆ ಫೋನು ಇಟ್ಟೆ.

ಆ ಭಾನುವಾರ ಅಮ್ಮನ ಕರೆ ಬಂತು. ತೆಗೆದರೆ ಎಂದೂ ಕಾಣದಷ್ಟು ಸ್ಪಷ್ಟವಾಗಿ ಅಮ್ಮ! ಹಿಂದೆ ಯಾವುದೋ ಚಹಾ ಅಂಗಡಿಯ ಗ್ಲಾಸುಗಳು. ಮಾವ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊಳೆ ದಾಟಿದ್ದ. ಕಾರಿನಿಂದಿಳಿದು ಅಲ್ಲಿಯ ಮಣ್ಣು ತುಳಿಯಲಾರೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಮನುಷ್ಯ!

“ಕಾಣಿಸ್ತಿದೀನಾ ಅಮ್ಮ?” ಎಂದೆ, ಕೈಯಲ್ಲಿ.

“ಪೂರ್ತಿ ಕಾಣಿಸ್ತಿದೀಯ. ಇನ್ನೊಂದ್ಸಲ ಹೇಳು. ಏನಾದ್ರೂ ಹೇಳು.”

ಹೇಳಿದೆ. ಅವಳು ನನ್ನ ಮುಖ ನೋಡಲೇ ಇಲ್ಲ, ಕೈಗಳನ್ನೇ ನೋಡುತ್ತಿದ್ದಳು. ಆದರೆ ಕೈ ಆಡಿಸುವ ಹೆಂಗಸನ್ನು ನೋಡಲು ಆಗಲೇ ಜನ ಸೇರಿದ್ದರು. ಅಮ್ಮನ ಕೈ ಚಿಕ್ಕದಾಗಿ, ಹೊಟ್ಟೆಯ ಹತ್ತಿರಕ್ಕೆ ಇಳಿಯಿತು. ನಮ್ಮಲ್ಲಿ ಅದು ಪಿಸುಮಾತು. ಮಾವ ಒಂದು ದಿನಪತ್ರಿಕೆಯನ್ನು ಅಗಲವಾಗಿ ಬಿಡಿಸಿ, ಅವಳಿಗೂ ಜನರಿಗೂ ನಡುವೆ ಪರದೆಯಂತೆ ಹಿಡಿದು ನಿಂತ. ಆದರೂ ಅಮ್ಮ ಊಟ, ಆರೋಗ್ಯ, ಹವೆಯನ್ನು ದಾಟಲಿಲ್ಲ. “ಉಳಿದದ್ದು ಮನೆಯಲ್ಲಿ ಮಾತಾಡೋಣ” ಎಂದಳು. ಹೇಳಿದ ಮೇಲೆ ಮನೆಯಲ್ಲಿ ಚಿತ್ರ ನಿಲ್ಲುವುದು ನೆನಪಾಗಿ ಕೈಗಳನ್ನು ಮಡಿಲಿಗೆ ಹಾಕಿಕೊಂಡಳು.

ಕರೆ ಮುಗಿಯುವ ಮುಂಚೆ ಪತ್ರಿಕೆಯ ಹಿಂದಿನಿಂದ ಮಾವನ ದನಿ ಕೇಳಿಸಿತು. ಚಹಾ ಅಂಗಡಿಯವನಿಗೆ ಹೇಳುತ್ತಿದ್ದ, “ನಿಮ್ಮೂರಲ್ಲಿ ಸಿಗ್ನಲ್ ಚೆನ್ನಾಗಿದೆ ಬಿಡಿ. ಚಹಾನೂ ಪರವಾಗಿಲ್ಲ.” ಆ ಎರಡು ಮಾತಿಗೆ ಅವನು ಎಷ್ಟು ಉಗುಳು ನುಂಗಿರಬೇಕೆಂದು ನನಗೆ ಗೊತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಆಮೇಲೆ ಪ್ರತಿ ಭಾನುವಾರ ಹೊಳೆ ದಾಟುವುದು, ಪತ್ರಿಕೆ ಹಿಡಿದು ನಿಲ್ಲುವುದು. ಉಳಿದ ದಿನ ಬಾಡಿಗೆ ಇಲ್ಲದ ಹೊತ್ತಿನಲ್ಲೆಲ್ಲ ಕಂಪನಿಯ ಕಚೇರಿಯ ಮುಂದೆ ಕಾರು ನಿಲ್ಲಿಸಿಕೊಂಡು ಕೂರುವುದು. ಕೊನೆಗೆ ಇವನ ಕಾಟ ತಡೆಯಲಾರದೆ ಆ ಇಂಜಿನಿಯರ್ ಮತ್ತೊಮ್ಮೆ ಫೋನುಗಳ ಸಾಲು ಹಿಡಿದು ಕಾರು ಹತ್ತಿದಳು. ಈ ಸಲ ನಮ್ಮೂರಪ್ಪ ಮುಖ್ಯರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಕಾರು ಚರಂಡಿಯ ಅಂಚಿನಲ್ಲಿ, ಹಳ್ಳದಲ್ಲಿ, ಒಗೆದ ಬಟ್ಟೆಗಳ ಅಡಿಯಲ್ಲಿ ನುಗ್ಗಿತು.

“ಇಲ್ನೋಡಿ ಮೇಡಂ, ಇಲ್ಲಿ ಏನೇನೂ ಸಿಗಲ್ಲ! ಇದೇನು ಮಹಾ, ಮುಂದಿನ ತಿರುವಿಗೆ ಬನ್ನಿ, ಇದಕ್ಕಿಂತ ಕಡೆ. ಹೊಳೆಯಾಚೆ ಊರಲ್ಲಿ ಇಷ್ಟು ಕೆಟ್ಟ ಜಾಗ ತೋರಿಸಿದ್ರಾ? ಸಾಧ್ಯನೇ ಇಲ್ಲ ಬಿಡಿ.”

ಹುಟ್ಟುಗುಣ ಎಲ್ಲಿಗೆ ಹೋಗಬೇಕು! ಕೊನೆಗೆ ಕಾರು ಅಮ್ಮನ ಮನೆ ಮುಂದೆ ನಿಂತಿತು. ಮಾವ ಅಮ್ಮನಿಂದ ನನಗೆ ಕರೆ ಮಾಡಿಸಿದ. ಎತ್ತಿದ ಕೈ ಎತ್ತಿದಂತೆಯೇ ನಾನು ಹೆಪ್ಪುಗಟ್ಟಿದ್ದನ್ನು, ಅಮ್ಮ ಸುಮ್ಮನೆ ಕಾಯುತ್ತಾ ಕೂತದ್ದನ್ನು ಇಂಜಿನಿಯರ್ ನೋಡಿದಳಂತೆ. ಅಮ್ಮನ ಮುಂದೆಯೇ ಮಾವ ಮೊದಲ ಸಲ ಕೈಯಲ್ಲೂ ಬಾಯಲ್ಲೂ ಒಟ್ಟಿಗೆ ಒಪ್ಪಿಕೊಂಡ: “ತಪ್ಪು ಹುಡುಗಿದಲ್ಲ ಅಕ್ಕ. ನಮ್ಮೂರಿಂದು. ನನ್ನದು.”

“ನನ್ನ ಕೈಲಾದದ್ದು ಮಾಡ್ತೀನಿ, ಮಾತು ಕೊಡಲ್ಲ” ಎಂದು ಹೇಳಿ ಇಂಜಿನಿಯರ್ ಹೋದಳು. ಮಾತು ಕೊಡದೆಯೇ ಉಳಿಸಿಕೊಂಡವಳು ಅವಳು. ಅವಳಿಗೂ ನಾನು ಕೈ ಮುಗಿಯುತ್ತೇನೆ. ಕಂಪನಿ ಒಪ್ಪಿದ ಮೇಲೆ, ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮಾಳಿಗೆ ಮೇಲೆ ಸಿಗ್ನಲ್ಲಿನ ಕಂಬ ನಿಲ್ಲಿಸಲು ಗಿರಣಿಯವನು ಒಲ್ಲೆ ಅಂದಾಗ ಮಾವ ಅವನ ಮೂಟೆಗಳ ಮೇಲೆ ಕೂತು ತಲೆ ತಿಂದು ಒಪ್ಪಿಸಿದ. ಮನೆಗೆ ಬರುವಾಗ ಮೀಸೆಯೆಲ್ಲ ಹಿಟ್ಟು ಎಂದು ಅಮ್ಮ ಆಮೇಲೆ ಹೇಳಿ ನಕ್ಕಳು.

ಕಂಬ ಎದ್ದ ಮೇಲೆ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಮೊದಲು, ಕರೆ ಬಂತು. ದಾರದ ಡಬ್ಬಿಯ ಮುಂದೆ ಅಮ್ಮ. ಕಿಟಕಿಯ ಬೆಳಕು ಅವಳ ಒಂದು ಕೆನ್ನೆಗೆ ಬಿದ್ದದ್ದೂ ಕಾಣುತ್ತಿತ್ತು. ಹಿಂದೆ ಮಾವ ಮದುವೆಮನೆಯ ಯಜಮಾನನಂತೆ ನಿಂತಿದ್ದ. ಅಮ್ಮ ಎದ್ದು ಅವನ ತೋಳು ಹಿಡಿದು ಹೊರಗೆ ಹಾಕಿ ಚಿಲಕ ಜಡಿದುಬಂದು ಕೂತಳು. ಈ ಸಲ ಅವಳ ಕೈಗಳು ಹೊಟ್ಟೆಯ ಹತ್ತಿರ ಇಳಿಯಲಿಲ್ಲ. ಎದೆಯ ಮಟ್ಟಕ್ಕೆ ಎದ್ದು ದೊಡ್ಡದಾಗಿ ಮಾತಾಡಿದವು.

“ನಿನಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ. ಪಟ್ಟಣದಲ್ಲಿ ಕೈ ಆಡಿಸೋಕೆ ನಾಚಿಕೆ ಆಗ್ತಿದೆ ಅಂದ್ಕೊಂಡಿದ್ದೆ. ತಮ್ಮ ನಿಜ ಹೇಳಿದ ದಿನ ರಾತ್ರಿಯೆಲ್ಲ ನಿನಗೆ ಹೇಳೋ ಮಾತು ಕೂಡಿಟ್ಕೊಂಡೆ.”

“ಇಲ್ಲ ಅಮ್ಮ. ಒಂದು ಮಾತನ್ನೂ ನಾನು ಅರ್ಧಕ್ಕೆ ಬಿಟ್ಟಿರಲಿಲ್ಲ.”

ಕಣ್ಣು ತುಂಬಿಕೊಂಡರೆ ನಮಗೆ ಮಾತು ಕೇಳಿಸುವುದಿಲ್ಲ. ಇಬ್ಬರೂ ಒರೆಸಿಕೊಂಡೆವು, ಮತ್ತೆ ಶುರು ಮಾಡಿದೆವು, ಮತ್ತೆ ಒರೆಸಿಕೊಂಡೆವು. ಅಷ್ಟರಲ್ಲಿ ಅಮ್ಮನ ಹೆಗಲ ಹಿಂದೆ ಕಿಟಕಿಯಲ್ಲಿ ಒಂದು ಮುಖ ಮೂಡಿತು. ಚಿತ್ರ ಹೇಗೆ ಬರ್ತಿದೆ, ಎಂದು ಹುಬ್ಬು ಕುಣಿಸಿ ಕೇಳಿತು. ನಾನು ಅಂಗೈ ಎತ್ತಿ ಎದೆಯನ್ನು ಎರಡು ಸಲ ತಟ್ಟಿದೆ. ನಿನ್ನಿಂದಾಯಿತು ಮಾವ, ಎಂದು. ಅವನು ಮುಖ ಅತ್ತ ತಿರುಗಿಸಿಕೊಂಡ.

ಅಮ್ಮ ಹಿಂದಿರುಗಿ ನೋಡಿ, ಅವನನ್ನು ಗದರಿಸಿ, ಪರದೆ ಎಳೆದಳು. ಮತ್ತೆ ನನ್ನ ಕಡೆ ತಿರುಗಿ ಫೋನಿಗೆ ಮುಖ ಹತ್ತಿರ ತಂದಳು. ಹಿಂದಿನ ದಿನ ಗಾಜಿನ ಅಂಚು ತಾಗಿ ನನ್ನ ತೋರುಬೆರಳಿನಲ್ಲಿ ಕೂದಲೆಳೆಯಷ್ಟು ಗೀರು ಬಿದ್ದಿತ್ತು. ನಾನೇ ಅದನ್ನು ಮರೆತಿದ್ದೆ.

“ಬೆರಳಿಗೇನಾಯ್ತು?” ಎಂದಳು ಅಮ್ಮ.